ಚಮಚದ ಸದ್ದು

ಮೊದಲು ಚಾಡಿ ಹೇಳಿದ್ದು ಚಮಚ.

ತ್ರಿಯೆಸ್ತೆ ಬಂದರಿನ ಹಳೇ ಉಗ್ರಾಣ,
ಸಾಲಾಗಿ ಹನ್ನೆರಡು ಬಟ್ಟಲು, ಹನ್ನೆರಡು ಸೀಮೆಯ ಕಾಫಿ.
ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಒಂದೇ:
ಅದ್ದು, ಸೊರ್ರೆಂದು ಹೀರು, ಉಗುಳು, ಅಂಕ ಬರೆ.
ಆ ದಿನ ಚಮಚ ಬಟ್ಟಲಂಚಿಗೆ ತಾಗಿ
ಕಿಣಿಕಿಣಿ ಕಿಣಿಕಿಣಿ,
ಯಾರೋ ಬಾಗಿಲ ಗಂಟೆ ಬಿಡದೆ ಒತ್ತಿದಂತೆ.
ತುಲ್ಲಿಯೊ ತಲೆ ಎತ್ತಲಿಲ್ಲ. ಒಳ್ಳೆಯವನು.
"ರಾತ್ರಿ ನಿದ್ದೆ ಇಲ್ಲವೇನು, ನಿವೆಸ್?" ಅಂದ, ಅಷ್ಟೆ.

ಎಲ್ಲರ ಹತ್ತಿರ ಕಾರಣ ಸಿದ್ಧವಿತ್ತು.
ಉಗ್ರಾಣ ಮುಚ್ಚುತ್ತಾರಂತೆ, ಅದಕ್ಕೆ.
ಅಮ್ಮ ಹೋಗಿ ಮೂರು ತಿಂಗಳಾಗಿಲ್ಲ, ಅದಕ್ಕೆ.
ಎಜಿದಿಯೊ ಜೊತೆ ಸರಿಯಿಲ್ಲವಂತೆ, ಅದಕ್ಕೇ.
ನಾನೂ ಹೂಂ ಅಂದೆ. ಇಷ್ಟೆಲ್ಲ ಆದಮೇಲೂ
ಎದೆ ಡವಗುಟ್ಟದಿದ್ದರೆ ಅದೇ ರೋಗ, ಅಲ್ಲವೇ?

ನನ್ನ ಹೆಸರಿನ ಅರ್ಥ ಹಿಮ.
ಫೆಬ್ರವರಿಯಲ್ಲಿ, ಬೋರಾ ಗಾಳಿ ಹೆಂಚು ಕೀಳುವ ರಾತ್ರಿ
ಕಿಟಕಿ ತೆರೆದಿಟ್ಟು ಬೆವರುತ್ತ ಮಲಗಿದ್ದೆ.
ಅವನು ಎದ್ದು ಮುಚ್ಚುವನು. ನಾನು ಎದ್ದು ತೆರೆಯುವೆ.
ಕೊನೆಗೆ ಕೋಟು ತೊಟ್ಟು ಮಂಚದ ತುದಿಗೆ ಕೂತು
"ನಾನು ಬೇಡವಾದರೆ ಬಾಯಿಬಿಟ್ಟು ಹೇಳು" ಅಂದ.
ಹೇಳಿದೆ.
ಆ ಹೊತ್ತಿಗೆ ನನ್ನ ನಾಡಿ ಎಷ್ಟಿತ್ತೋ,
ಎಣಿಸಿದವರಿಲ್ಲ.

ಹುಳಿಕೋಸು ಬೀನ್ಸಿನ ಯೋತಾ ಎರಡು ಬಟ್ಟಲು ಮುಗಿಸಿ
ಮೂರನೆಯದಕ್ಕೆ ಪಾತ್ರೆ ಕೆರೆಯುತ್ತಿದ್ದೆ.
ಆದರೂ ಸ್ಕರ್ಟು ನಿಲ್ಲಲು ಪಿನ್ನು ಬೇಕು.
"ಏನು ಡಯಟ್ಟು, ನಮಗೂ ಹೇಳಿ" ಅಂದಳು ಕೆಳಮನೆಯ ವಾಂಡಾ.
ಮದುವೆಯ ಉಂಗುರ ನಾನು ಬಿಚ್ಚಿದ್ದಲ್ಲ;
ತಾನೇ ಜಾರಿತು, ಹಸಿ ಬೀಜದ ಮೂಟೆಯೊಳಕ್ಕೆ.
ಅರವತ್ತು ಕಿಲೋ. ಹುಡುಕಲಿಲ್ಲ.
ಮೂಟೆ ಗ್ರಾಜ್‌ಗೋ ವಿಯೆನ್ನಾಕ್ಕೋ ಹೋಯಿತು.

ಡಾಕ್ಟರ್ ಕ್ರಿಜ್ಮಾನ್ ಗಂಟಲು ಮುಟ್ಟಿ "ನುಂಗಿ" ಅಂದರು.
ರಕ್ತಪರೀಕ್ಷೆಗೆ ಬರೆದುಕೊಟ್ಟರು. ಮುಂದಿನ ವಾರ
ಚೀಟಿಯ ಹಿಂದೆ ಗ್ರಂಥಿಯ ಚಿತ್ರ ಬಿಡಿಸಿ
ಎಲ್ಲರೂ ಇದನ್ನು ಚಿಟ್ಟೆ ಅನ್ನುತ್ತಾರೆ ಅಂದರು.
ನನಗೆ ಕಂಡದ್ದು ಬೋ ಟೈ:
ಮದುವೆಯ ದಿನ ಎಜಿದಿಯೊನ ಕೊರಳಲ್ಲಿ ಓರೆಯಾಗಿ.
ಸರಿಮಾಡಹೋದ ನನ್ನ ಕೈ ಆಗಲೂ ನಡುಗಿತ್ತು,
ಖುಷಿಗೆ.

ಮಾತ್ರೆ ದಿನಕ್ಕೆ ಮೂರು, ಬೇಳೆಕಾಳಿನಷ್ಟು.
ಗಂಟಲುನೋವು, ಜ್ವರ ಬಂದರೆ ಅದೇ ದಿನ ಓಡಿ ಬರಬೇಕು.
ಕಾಫಿ ಬೇಡ.
"ಉಗುಳುವ ಕಾಫಿ?" ಕೇಳಿದೆ.
ಅವರು ನಕ್ಕರು. ನಾನು ಅತ್ತೆ.
ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಈಗ ಸಾನ್ ಜಾಕೊಮೊ ಕೇರಿ, ಐದನೇ ಮಹಡಿ, ಲಿಫ್ಟಿಲ್ಲ.
ಮೂರನೆಯದರಲ್ಲಿ ತೊಡೆ ಸೋತು ಕೂರುತ್ತೇನೆ,
ಬಗಲಲ್ಲಿ ಅಮ್ಮನ ಇಸ್ತ್ರಿಪೆಟ್ಟಿಗೆ.
ಹಿಂದೆ ಬೋರಾ ಬೀಸಿದರೆ ಈ ಊರಲ್ಲಿ
ಬೀದಿಯಂಚಿಗೆ ಹಗ್ಗ ಕಟ್ಟುತ್ತಿದ್ದರು, ಹಿಡಿದು ನಡೆಯಲು.
ಅಮ್ಮ ಹೇಳುತ್ತಿದ್ದಳು: ಹಗ್ಗ ಗಾಳಿ ನಿಲ್ಲಿಸೋಲ್ಲ ಕಣೇ,
ನಿನ್ನನ್ನು ಯಾರದೋ ಬಾಗಿಲಿಗೆ ಎಸೆಯದ ಹಾಗೆ
ನೋಡಿಕೊಳ್ಳುತ್ತೆ, ಅಷ್ಟೆ.

ಆರು ವಾರ. ನಾಡಿ ಎಂಬತ್ತೆಂಟು.
ಒಳಗಿನ ಗಾಳಿ ಇಳಿದಿದೆ. ಇನ್ನು
ಏನೇನು ಹಾರಿಹೋಯಿತೆಂದು ನೋಡುವ ಸರದಿ.
ಕೂಗಿದ ಮಾತಿನಲ್ಲಿ ನನ್ನದೆಷ್ಟು, ಗ್ರಂಥಿಯದೆಷ್ಟು?
ಲ್ಯಾಬಿನ ವರದಿಯಲ್ಲಿ ಆ ಸಾಲಿಲ್ಲ.
ವಕೀಲರ ಕಾಗದ ಮೇಜಿನ ಮೇಲೆ, ಸಹಿಗೆ ಕಾದಿದೆ.

ಎಜಿದಿಯೊಗೆ ಫೋನು ಮಾಡಿದೆ.
"ಅದು ಕಾಯಿಲೆಯಂತೆ" ಅಂದೆ.
ಬಹಳ ಹೊತ್ತು ಸುಮ್ಮನಿದ್ದ.
"ಎಲ್ಲವೂ?" ಅಂದ.
ಕೊರಳ ಪಕ್ಕ ಎರಡು ಬೆರಳಿಟ್ಟು ಎಣಿಸಿದೆ,
ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ.
ಅವನು ಕಾದ.
ಎಂಬತ್ತಾರು.
"ಎಲ್ಲವೂ ಅಲ್ಲ" ಅಂದೆ.

ಅಮೇಲೆ ಬೆನ್ನಿಗೆ ಏನೋ ತಾಗಿದಂತಾಯಿತು.
ಚಳಿ.
ಎಷ್ಟು ದಿನವಾಗಿತ್ತು!
ಎದ್ದು, ಈ ಸಲ ನಾನೇ,
ಕಿಟಕಿ ಮುಚ್ಚಿದೆ.