ಡೇರೆಯ ಮುಂದಿನ ಚಪ್ಪಲಿ

ಉಂಗುರ ಇರ್ಬಿದ್ ಪೇಟೆಯಲ್ಲಿ ಕೊಂಡದ್ದು,
ಮೂರು ದಿನಾರ್, ಹಿತ್ತಾಳೆ.
ತಂಗಿ ಲುಬ್ನಾ ಹೇಳಿದ್ದಳು: ತೆಗೆಯಬೇಡ,
ಒಬ್ಬಳೇ ಹೋಗುವವಳಿಗೆ ಗಂಡ ಬೇಕು,
ಅವನು ಇರಲೇಬೇಕೆಂದೇನಿಲ್ಲ.

ಹನ್ನೊಂದು ವರ್ಷ ಏಳನೇ ತರಗತಿಗೆ
ಮರುಭೂಮಿಯ ಪಾಠ ಮಾಡಿದ್ದೇನೆ
ಹಳದಿ ಸೀಮೆಸುಣ್ಣದಲ್ಲಿ.
ವಾದಿ ರಮ್ ಹಳದಿಯಲ್ಲ ಎಂದು ಗೊತ್ತಾದದ್ದು ಮೊನ್ನೆ.
ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣ.

ಜೀಪಿನ ನಂಬರಿನ ಫೋಟೊ ಲುಬ್ನಾಗೆ ಹೋಯಿತು.
ಬೆಟ್ಟ ತೆಗೆಯುವ ನೆಪದಲ್ಲಿ ಚಾಲಕನ ಮುಖವೂ.
ಹಿಂದಿನ ಸೀಟು. ಕುಡಿದದ್ದು ನನ್ನ ಬಾಟಲಿಯ ನೀರೇ.
ಹಳ್ಳಿಯ ಕೊನೆಯ ಅಂಗಡಿ ದಾಟುತ್ತಲೇ
ಫೋನಿನ ಗೆರೆಗಳು ಒಂದೊಂದಾಗಿ ಜಾರಿಕೊಂಡವು,
ಮದುವೆಮನೆಯಿಂದ ಹೇಳದೆ ಹೊರಡುವ ನೆಂಟರ ಹಾಗೆ.

ರಾಕಾನ್ ಕನ್ನಡಿಯಲ್ಲಿ ಕೇಳಿದ:
ಯಜಮಾನರು ಬರಲಿಲ್ಲವೆ?
ಕುವೈತಿನಲ್ಲಿ ಇಂಜಿನಿಯರು. ನಾಳೆ ಅಕಾಬಾಕ್ಕೆ ಬರುತ್ತಾರೆ.
ಹೆಸರು?
ಹೆಸರು ಯೋಚಿಸಿರಲಿಲ್ಲ.
ಎದುರಿಗೊಂದು ಬಂಡೆ ಬಂತು.
ನಮ್ಮ ಮಾತಿನಲ್ಲಿ ಬಂಡೆಗೆ ಸಖ್ರ್.
ಸಖ್ರ್, ಎಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸಖ್ರ್‌ಗೆ ಮೀಸೆ ಬಂತು.
ಚಹಾಕ್ಕೆ ಸಕ್ಕರೆ ಬಿಟ್ಟ, ಅಪ್ಪನಿಗಿದ್ದ ಕಾಯಿಲೆಗೆ ಹೆದರಿ.
ಸಂಜೆಗೆ ಕೋಪವೂ ಬಂತು ಅವನಿಗೆ:
ನಾನು ಫೋನು ಮಾಡದಿದ್ದರೆ ಸುಮ್ಮನಿರುವವನಲ್ಲ,
ಅವನಣ್ಣ ಪೊಲೀಸಿನಲ್ಲಿದ್ದಾನೆ, ಅಕಾಬಾದಲ್ಲೇ.
ರಾಕಾನ್ ತಲೆಯಾಡಿಸುತ್ತಲೇ ಇದ್ದ.
ಕೆಟ್ಟವನೇನೂ ಅಲ್ಲವೇನೋ.
ಅಲ್ಲ ಎಂದು ತಿಳಿಯುವುದು ಬೆಳಗಾದ ಮೇಲೆ.
ಅಲ್ಲಿಯವರೆಗೆ ಲೆಕ್ಕ ಹಾಕುತ್ತಲೇ ಇರಬೇಕು.
ಬಿಸಿಲಿಗಿಂತ ಇದೇ ದಣಿಸುತ್ತದೆ.

ಬಿಡಾರದಲ್ಲಿ ಎಂಟು ಜನ ಇರುತ್ತಾರೆ ಎಂದಿದ್ದರು.
ಎಂಟು ಡೇರೆಗಳಿದ್ದವು.

ಬ್ಯಾಗು ಇಳಿಸಲಿಲ್ಲ. ಹೊಗೆ ಕಂಡ ಕಡೆ ನಡೆದೆ.
ಬಂಡೆಯ ಮಗ್ಗುಲಲ್ಲಿ ಆಡುಕೂದಲ ಕಪ್ಪು ಡೇರೆ,
ಕಟ್ಟಿದ ಆಡು ಐದು,
ಬಾಗಿಲಲ್ಲಿ ಚಪ್ಪಲಿ. ದೊಡ್ಡದು. ಗಂಡಸಿನದು.
ನಿಂತುಬಿಟ್ಟೆ.
ಒಳಗಿಂದ ಮುದುಕಿಯ ದನಿ:
ಬಾ, ಅವನು ಕಚ್ಚುವುದಿಲ್ಲ,
ಸತ್ತು ಒಂಬತ್ತು ವರ್ಷವಾಯಿತು.

ಉಮ್ ಸುವೈಲಿಮ್ ಬೂದಿ ಕೆದಕಿ ರೊಟ್ಟಿ ತೆಗೆದಳು,
ಮೊಣಕೈಗೆ ಬಡಿದು ಬಡಿದು ಬೂದಿ ಕೊಡವಿದಳು,
ನನ್ನ ಬೆರಳು ಹಿಡಿದು ಉಂಗುರ ಸರಿಸಿದಳು.
ಕೆಳಗೆ ಹಸಿರು ಕಲೆ.
ಹಿತ್ತಾಳೆ ಗಂಡ, ಬೆವರಿಗೆ ಬಣ್ಣ ಬಿಡುತ್ತಾನೆ, ಎಂದಳು.
ನನ್ನವನು ತೊಗಲು. ಬಾಳಿಕೆ ಬರುತ್ತಾನೆ.
ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತೇನೆ,
ಒಮ್ಮೆ ಬಂದವನ ಹಾಗೆ, ಒಮ್ಮೆ ಹೊರಟವನ ಹಾಗೆ.
ಬದುಕಿದ್ದಾಗ ಇಷ್ಟು ಮನೆಯಲ್ಲಿರುತ್ತಿರಲಿಲ್ಲ ಪುಣ್ಯಾತ್ಮ.

ಹೇಗೆ ನಕ್ಕೆನೆಂದರೆ ಆಡುಗಳು ಎದ್ದು ನಿಂತವು.

ಆಮೇಲೆ ಅವಳು ಕತ್ತಲಿಗೆ ಮುಖ ಮಾಡಿ ಕೂಗಿದಳು:
ರಾಕಾನ್! ನಿನ್ನ ಹೊಕ್ಕುಳಬಳ್ಳಿ ಕೊಯ್ದ ಕೈ ಕರೆಯುತ್ತಿದೆ.
ಹುಡುಗಿ ಇಲ್ಲೇ ಮಲಗುತ್ತಾಳೆ. ಕೀಲಿ ತಾ.
ಅವನು ಬಂದ, ಇಷ್ಟೆತ್ತರದ ಆಳು, ತಲೆ ತಗ್ಗಿಸಿ,
ಕೀಲಿ ಕೊಟ್ಟ, ಅರ್ಧ ರೊಟ್ಟಿ ಇಸಿದುಕೊಂಡು ಹೋದ.
ಕೀಲಿಯನ್ನು ಅವಳು ಎಡ ಚಪ್ಪಲಿಯಡಿ ಇಟ್ಟಳು.
ಅವನಿಗೆ ಕೊಟ್ಟಿದ್ದೇನೆ, ಎಂದಳು. ಮಲಗು.

ಮಲಗಿದೆ. ಬಾಗಿಲಿಗೆ ಅಡ್ಡವಾಗಿ ಅವಳೇ ಮಲಗಿದಳು.
ರಾತ್ರಿಯೆಲ್ಲ ಗಾಳಿ.
ಒಮ್ಮೆ ಎಚ್ಚರವಾದಾಗ
ಅವಳು ಯಾರನ್ನೋ ಮೆಲ್ಲಗೆ ಗದರುತ್ತಿದ್ದಳು.
ನಿದ್ದೆಯಲ್ಲೋ, ಎಚ್ಚರದಲ್ಲೋ, ಕೇಳಲಿಲ್ಲ.

ಬೆಳಗ್ಗೆ ಚಪ್ಪಲಿಗಳು ಮರಳಲ್ಲಿ ಮುಳುಗಿದ್ದವು.
ಒಂದೊಂದನ್ನೇ ಎತ್ತಿ ಕೊಡವಿ
ಒಳಮುಖ ಮಾಡಿ ಇಟ್ಟಳು.

ಹಳ್ಳಿಯ ಹತ್ತಿರ ಗೆರೆಗಳು ಮರಳಿ ಬಂದವು,
ಜೊತೆಗೆ ಲುಬ್ನಾಳ ಹದಿನೇಳು ಸಂದೇಶ.
ಬದುಕಿದ್ದೇನೆ, ಎಂದು ಬರೆದೆ. ಸಖ್ರ್ ಕೂಡ.

ಬಸ್ಸಿನ ಹತ್ತಿರ ಇಳಿಸುತ್ತ ರಾಕಾನ್ ಹೇಳಿದ:
ಸಖ್ರ್ ಅವರಿಗೆ ನನ್ನ ಸಲಾಮು ತಿಳಿಸಿ.
ನಕ್ಕನೋ ಇಲ್ಲವೋ,
ಕನ್ನಡಿಯಲ್ಲಿ ಕಣ್ಣಷ್ಟೇ ಕಾಣುತ್ತಿತ್ತು.
ತಿಳಿಸುತ್ತೇನೆ ಎಂದೆ.
ಬಸ್ಸು ಮಆನ್ ದಾಟುವವರೆಗೂ
ಉಂಗುರ ತೆಗೆಯಲಿಲ್ಲ.