ಆತಿಥ್ಯ: ಆರೂವರೆಯಿಂದ ಎಂಟು

ಶಾಲೆ ಕೊಟ್ಟ ಹಾಳೆಯಲ್ಲಿ ಎಲ್ಲಕ್ಕೂ ವೇಳೆಯಿತ್ತು.
ಹತ್ತಕ್ಕೆ ನೀಲಿ ಟೈಲ್ಸಿಗೆ ಬಣ್ಣ ಬಳಿಯುವುದು,
ಹನ್ನೆರಡಕ್ಕೆ ಮೇಯರ್ ಜೊತೆ ಫೋಟೊ,
ಮೂರಕ್ಕೆ ಕೋಟೆ, ಮಳೆ ಬಂದರೆ ಕೋಟೆಯ ವಿಡಿಯೊ.
ಕೊನೆಯ ಸಾಲು: ಮನೆಗಳಲ್ಲಿ ಪೋರ್ಚುಗೀಸ್ ಆತಿಥ್ಯ,
ಸಂಜೆ ಆರೂವರೆಯಿಂದ ಎಂಟು.

ಅಜ್ಜಿ ಫೆಲಿಸ್ಮಿನಾ ಎರಡು ಸಲ ಓದಿಸಿಕೊಂಡಳು.
"ಎಂಟಾದ ಮೇಲೆ ಏನಂತೆ?
ಹುಡುಗಿಯನ್ನು ಮಡಿಸಿ ಬೀರುವಿನಲ್ಲಿಡಬೇಕಂತೋ?"

ಹುಡುಗಿ ಎಸ್ಟೋನಿಯಾದವಳು, ತ್ರೀನು.
ನಮ್ಮ ಸೆರ್ಪ ಊರಿನ ಸುಣ್ಣದ ಗೋಡೆಗಳ ಬಿಸಿಲಿಗೆ
ಎರಡೇ ದಿನದಲ್ಲಿ ಅವಳ ಮೂಗು ಸುಲಿದಿತ್ತು.
ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಒಂದು ನಗು,
ಅಷ್ಟರಲ್ಲೇ ವಾರ ಕಳೆದುಬಿಡುವವಳು.

ನಾನು ಪಿಜ್ಜಾ ತಂದಿಟ್ಟಿದ್ದೆ.
ಅಜ್ಜಿಯ ಅಸೋರ್ದ ನೆಂಟರ ಮುಂದಿಡುವಂಥದ್ದಲ್ಲ:
ಮೊನ್ನೆಯ ಒಣ ಬ್ರೆಡ್ಡು, ಕುದಿನೀರು, ಬೆಳ್ಳುಳ್ಳಿ,
ಒರಳಲ್ಲಿ ಕುಟ್ಟಿದ ಹಿಡಿ ಕೊತ್ತಂಬರಿ,
ಮೇಲೆ ಆಲಿವ್ ಎಣ್ಣೆ, ಇದ್ದರೆ ಒಂದು ಮೊಟ್ಟೆ.
ಧಣಿಗಳ ಗೋಧಿ ಕೊಯ್ದವರು
ತಮ್ಮ ಗೋಧಿ ಮುಗಿದ ತಿಂಗಳಲ್ಲಿ ಉಂಡದ್ದು.
ಹಾಳೆಯಲ್ಲಿ ಅದಕ್ಕೆ ವೇಳೆ ಕೊಟ್ಟಿರಲಿಲ್ಲ.

ಓವನ್ ಅಂದೇ ಕೈಕೊಟ್ಟಿತು.
(ಅದರ ಫ್ಯೂಸು ಅಜ್ಜಿಯ ಏಪ್ರನ್ ಜೇಬಿನಲ್ಲಿದ್ದದ್ದು
ಮುಂದಿನ ವಾರ ಬಟ್ಟೆ ನೆನೆಹಾಕುವಾಗ
ಬಾಲ್ದಿಯ ತಳದಲ್ಲಿ ಸಿಕ್ಕಿತು.)

ತ್ರೀನು ಮೊದಲ ಚಮಚ ಬಾಯಿಗಿಟ್ಟಳು.
ಕಿವಿ ಕೆಂಪಾದವು. ನುಂಗಿದಳು.
ಎರಡನೆಯದು. ಮೂರನೆಯದಕ್ಕೆ ಕಣ್ಣಲ್ಲಿ ನೀರು.
ಅಜ್ಜಿ ನನ್ನ ಪಕ್ಕೆ ತಿವಿದಳು:
"ನೋಡು, ಕೂಸಿಗೆ ತನ್ನ ಮನೆ ನೆನಪಾಯಿತು."
ಬಟ್ಟಲು ಬರಿದಾಗುವ ಮುನ್ನವೇ ಇನ್ನೊಂದು ಸೌಟು,
ಅದು ಇಳಿಯುವ ಮುನ್ನ ಮತ್ತೊಂದು.

ಎಂಟಾಯಿತು. ಒಂಬತ್ತೂ ಆಯಿತು.
ಪಕ್ಕದ ಮನೆಯ ಸಿಡಾಲಿಯಾ ಒಣ ಅಂಜೂರ ತಂದು
ವಿದೇಶದ ಹುಡುಗಿಯ ಜಡೆ ಮುಟ್ಟಿ ನೋಡಿದಳು.
ಮೇಷ್ಟ್ರು ಫೋನ್ ಮಾಡಿ, ಕಾರ್ಯಕ್ರಮ ಮುಗಿಯಿತೇ ಎಂದರು.
"ಈಗ ತಾನೇ ಕೂತಿದ್ದೇವೆ," ಎಂದಳು ಅಜ್ಜಿ.
ಅವಳು ಕೂತಿರಲಿಲ್ಲ.

ದೀಪ ಆರಿದ ಮೇಲೆ ಪಕ್ಕದ ಮಂಚದಿಂದ,
ಇಬ್ಬರದೂ ಅಲ್ಲದ ಇಂಗ್ಲಿಷಿನಲ್ಲಿ, ಪಿಸುಮಾತು:
"ಒಂದು ಹೇಳಲಾ? ಆ ಹಸಿರು ಸೊಪ್ಪು,
ನನ್ನ ನಾಲಿಗೆಗೆ ಅದು ಸಾಬೂನು.
ಹುಟ್ಟಿನಿಂದಲೂ ಹಾಗೇ. ನಮ್ಮಪ್ಪನಿಗೂ."
"ಮತ್ತೆ ಮೂರು ಬಟ್ಟಲು?"
ಸ್ವಲ್ಪ ಹೊತ್ತು ಬರೀ ಕತ್ತಲು.
"ಅವರು ನಿಂತೇ ಇದ್ದರಲ್ಲ, ಸೌಟು ಹಿಡಿದುಕೊಂಡು."

ನಾನು ದಿಂಬಿಗೆ ಬಾಯಿ ಒತ್ತಿ ನಕ್ಕೆ.
ಆಮೇಲೆ ಯಾಕೋ ನಗು ಬರಲಿಲ್ಲ.

ಹೊರಡುವ ಬೆಳಗ್ಗೆ ಅಜ್ಜಿ ಅವಳ ಕೈಗಿಟ್ಟದ್ದು
ಬಿ.ಪಿ. ಮಾತ್ರೆಯ ಹಳೆ ಡಬ್ಬಿ ತುಂಬ ಕೊತ್ತಂಬರಿ ಬೀಜ.
"ನಿಮ್ಮ ಚಳಿಯಲ್ಲಿ ಇದು ಎಲ್ಲಿ ಸಿಗಬೇಕು, ಪಾಪ."
ತ್ರೀನು ಎರಡೂ ಕೈ ಚಾಚಿ ಇಸಿದುಕೊಂಡಳು.
ನಾನು ಬಗ್ಗಿ, ಕಟ್ಟಿದ್ದ ಲೇಸನ್ನೇ ಮತ್ತೆ ಕಟ್ಟಿದೆ.

ನವೆಂಬರಿನಲ್ಲಿ ನಮ್ಮ ಸರದಿ.
ವಿಲ್ಯಾಂಡಿ, ನಾಲ್ಕಕ್ಕೇ ಇರುಳು.
ಅವರ ಹಾಳೆಯಲ್ಲೂ ವೇಳೆಗಳ ಸಾಲು.
ಅಡಿಗೆಮನೆಯ ಕಿಟಕಿಯಲ್ಲಿ ಐದು ಕುಂಡ,
ಐದರಲ್ಲೂ ಕೊತ್ತಂಬರಿ,
ಬೆಳಕಿಗೆ ಹುಡುಕಿ ಸೊಟ್ಟಗೆ ಬೆಳೆದದ್ದು, ಹೂ ಬಿಟ್ಟದ್ದು,
ಒಂದೆಲೆಯನ್ನೂ ಯಾರೂ ಚಿವುಟದ್ದು.

ಅವಳಪ್ಪ ಮೇಜಿಗೆ ತಂದರು
ಹಂದಿಮಾಂಸದ ತಣ್ಣನೆ ಅಚ್ಚು, ಬೂದು ಬಣ್ಣ,
ತಟ್ಟೆ ಅಲುಗಿದರೆ ತಾನೂ ನಡುಗುವಂಥದ್ದು.
ಚಾಕು ಹಿಡಿದು ನನ್ನ ಎದುರು ನಿಂತರು.
ಕುರ್ಚಿ ಅಲ್ಲೇ ಇತ್ತು.

ಮೇಜಿನಡಿ ತ್ರೀನುವಿನ ಕಾಲು ನನ್ನ ಕಾಲನ್ನು ಮೆಟ್ಟಿತು.
"ರುಚಿ," ಎಂದೆ ಅವರ ಮಾತಿನಲ್ಲಿ,
ನನಗೆ ಬರುತ್ತಿದ್ದ ಮೂರು ಪದಗಳಲ್ಲಿ ಒಂದು.
ಎರಡನೆಯ ತುಂಡು ಮೊದಲಿನದಕ್ಕಿಂತ ದಪ್ಪಗಿತ್ತು.