ನಾಕು ಬೆರಳು

ಪದಕ್ಕೆ ಒಂದೂವರೆ ರೂಪಾಯಿ.
ಜರ್ಮನ್‌ನಿಂದ ಇಂಗ್ಲಿಷಿಗೆ. ನಡುವೆ ಕನ್ನಡ
ಬಂದು ಹೋದರೆ ಅದಕ್ಕೆ ಲೆಕ್ಕವಿಲ್ಲ.

ಗರಗಸದ ಕಂಪನಿಯ ಕೈಪಿಡಿ, ನೂರಾ ಹನ್ನೆರಡು ಪುಟ.
ನಾನು ಕಲಿತ ಜರ್ಮನ್‌ನಲ್ಲಿ ರೈಲು ನಿಲ್ದಾಣವಿತ್ತು,
ಬ್ರೆಡ್ಡಿನ ಅಂಗಡಿ, ಅತ್ತೆಯ ಹುಟ್ಟುಹಬ್ಬ;
ಯಾವ ಪಾಠದಲ್ಲೂ ಮರ ಬಿದ್ದಿರಲಿಲ್ಲ.

ಮೊದಲ ದಿನವೇ ಎಡವಿದೆ.
ರ‍್ಯೂಕೆವೇಗ್. ರ‍್ಯೂಕೆನ್ ಅಂದರೆ ಬೆನ್ನು,
ಹಾಗಾಗಿ ಬೆನ್ನಿನ ದಾರಿ ಎಂದು ಬರೆದು ಕಳಿಸಿದೆ.
ಕೆಂಪು ಗೆರೆ ಹೊತ್ತು ವಾಪಸು ಬಂತು:
ಬೆನ್ನಲ್ಲ ಮೇಡಂ, ದಿಮ್ಮಿ ಎಳೆಯುವ ಜಾಡು.

ಆ ಸಂಜೆ ಸ್ಕೂಟರ್ ಮಂಡ್ಲಿ ಕಡೆ ತಿರುಗಿಸಿದೆ.
ಸಾಮಿಲ್ಲಿನ ಹಿಂದೆ, ತೂಕದ ಕಲ್ಲಿನ ಮೇಲೆ ಕೂತಿದ್ದ
ಐದ್ರೂಸ್ ಕಾಕಾ. ನಿಲಂಬೂರು ಬಿಟ್ಟು
ಹದಿನಾರಕ್ಕೆ ಘಟ್ಟ ಹತ್ತಿದವರು, ಕೈಗರಗಸದ ಕಾಲದವರು.
ಜಾಡು ಅಂದೊಡನೆ ನಕ್ಕರು.
"ಸಕ್ರೆಬೈಲಿನ ಆನೆ ಎಳೆದೂ ಎಳೆದೂ
ನೆಲ ಹೆಂಗಿತ್ತು ಗೊತ್ತಾ ಟೀಚರೇ,
ಕಪ್ಪೆ ಕೂತರೂ ಜಾರ್ತಿತ್ತು."

ಬ್ರೂಖ್‌ಲೈಸ್ಟೆ ಅಂದೆ.
ಒಡೆಯುವ ಪಟ್ಟಿ, ಮುರಿಯುವ ಅಂಚು, ಹಾಗೇನೋ.
ಇಂಗ್ಲಿಷಿನವರು ಅದಕ್ಕೆ ಹಿಂಜ್ ಅಂತಾರೆ,
ಮರವೇ ಬಾಗಿಲು ಎಂಬಂತೆ,
ಬಿದ್ದದ್ದನ್ನು ಮತ್ತೆ ಮುಚ್ಚಬಹುದು ಎಂಬಂತೆ.

ಕಾಕಾ ಬೀಡಿಯ ಬೂದಿ ಕೊಡವಿದರು.
ನೆಲದ ಹುಡಿಯಲ್ಲಿ ಒಂದು ವೃತ್ತ ಬರೆದು
ಈ ಕಡೆ ಬಾಯಿ, ಆ ಕಡೆಯಿಂದ ಗರಗಸ,
ನಡುವೆ ಕೈ ಅಡ್ಡ ಇಟ್ಟರು:
"ಇಷ್ಟು ಬಿಡಬೇಕು. ನಾಕು ಬೆರಳು.
ಪೂರಾ ಕೊಯ್ದರೆ ಮರ ನಿಮ್ಮ ಮಾತು ಕೇಳಲ್ಲ.
ಕೊಯ್ಯೋದು ಯಾವನಿಗೂ ಬರ್ತದೆ,
ಬಿಡೋದಕ್ಕೆ ಕೂಲಿ."

ಬರೆದುಕೊಂಡೆ.
ಪರದೆಯ ಮೇಲೆ ಹಿಂಜ್ ಎಂದೇ ಒತ್ತಿದೆ.
ಕೈಪಿಡಿ ವ್ಯಾಸದ ಹತ್ತನೇ ಒಂದು ಅಂತದೆ;
ಬೆರಳು ಯಾರದ್ದೆಂದು ಅದು ಕೇಳುವುದಿಲ್ಲ.

ನಲವತ್ತೊಂದನೇ ಪುಟ. ಹೆಂಗರ್:
ಬೀಳುತ್ತಾ ಬೀಳುತ್ತಾ ಪಕ್ಕದ ಮರದ ತೋಳಿಗೆ
ಸಿಕ್ಕಿ ನಿಂತ ಮರ. ನೆಲಕ್ಕಿಲ್ಲ, ಆಕಾಶಕ್ಕಿಲ್ಲ.
ಇಂಗ್ಲಿಷಿನ ಕೂಲಿಗಳ ಮಾತು ಹುಡುಕಿದರೆ
ವಿಡೋಮೇಕರ್ ಎಂದು ಸಿಕ್ಕಿತು.
ಅದನ್ನು ಜೋರಾಗಿ ಓದಿ, ಅರ್ಥವನ್ನೂ ಹೇಳಿಬಿಟ್ಟೆ,
ಜಾಣತನದ ಸಡಗರದಲ್ಲಿ.

ಕಾಕಾ ಏನೂ ಅನ್ನಲಿಲ್ಲ.
ಅಣ್ಣನ ಹೆಂಡತಿ ಬಿಯ್ಯಾತು
ಚಾ ತಂದು ನನ್ನ ಮುಂದಿಟ್ಟು
ಲೋಟದ ಬಿಸಿಗೆ ಸೆರಗು ಸುತ್ತಿಕೊಟ್ಟರು.
"ನೀವು ಅದಕ್ಕೆ ಏನಂತಿದ್ರಿ ಕಾಕಾ?"
"ಹೆಸರು ಹಿಡಿಯಲ್ಲ ಟೀಚರೇ. ಸುತ್ತು ಹಾಕಿ ಹೋಗ್ತೇವೆ."

ಆ ಸಾಲನ್ನು ಮೂರು ದಿನ ಖಾಲಿ ಬಿಟ್ಟೆ.
ಆಮೇಲೆ 'ಸಿಕ್ಕಿಕೊಂಡ ಮರ' ಎಂದಷ್ಟೇ ಇಂಗ್ಲಿಷಿನಲ್ಲಿ,
ತೀರಾ ಸಪ್ಪೆಯಾಗಿ. ಯಾರೂ ಕೆಂಪು ಹಚ್ಚಲಿಲ್ಲ.

ಇನ್ನೊಂದಿತ್ತು, ನನಗೆ ಇಷ್ಟವಾದದ್ದು.
ವಾಲ್ಡ್‌ಕಾಂಟೆ.
ಹಲಗೆಯ ಒಂದು ಬದಿಯಲ್ಲಿ ಗರಗಸ ತಾಗದೆ
ದುಂಡಗೆ, ತೊಗಟೆ ಸಮೇತ ಉಳಿದ ಜಾಗ.
ಜರ್ಮನರು ಅದನ್ನು ಕಾಡಂಚು ಅಂತಾರೆ!
ಇಂಗ್ಲಿಷಿನಲ್ಲಿ ವೇನ್; ಚಂದ್ರ ಸವೆಯುವುದಕ್ಕೂ ಅದೇ ಮಾತು.
ಕಾಡಂಚು, ಕಾಡಂಚು, ಎಂದು ಸ್ಕೂಟರಿನ ಮೇಲೆ
ಹೊಳೆ ಸೇತುವೆಯುದ್ದಕ್ಕೂ ಹೇಳಿಕೊಂಡೆ,
ಯಾರೂ ಕೇಳದ ಭಾಷೆಯಲ್ಲಿ ಸರಿಯಾಗಿ ಕೂತಿತ್ತು,
ಬಿಲ್ಲಿಗೆ ಸೇರಿಸಲಾಗದು.

ಕಾಕಾಗೆ ಹೇಳಿದರೆ ಮೂಗು ಮುರಿದರು.
"ಅದು ಡ್ಯಾಮೇಜು. ಸೆಕೆಂಡ್ ಕ್ಲಾಸು.
ಅಡಿಗೆ ಎಂಟು ರೂಪಾಯಿ ಕಡಿಮೆ."
ಹಾಗಾದರೆ ನನಗೊಂದು ಕೊಡಿ ಅಂದೆ.

ಈಗ ಆ ಹಲಗೆ ಗೋಡೆಯ ಮೇಲಿದೆ,
ಕಾಡಂಚು ಹೊರಕ್ಕೆ, ಮೇಲೆ ದಪ್ಪ ನಿಘಂಟು.
ಯಾವುದೋ ಹುಳ ಒಳಗೇ ಉಳಿದಿದೆ.
ದಿನಾ ಬೆಳಿಗ್ಗೆ ಕೆಳಗಿನ ಮೇಜಿನ ಮೇಲೆ
ಚಿಟಿಕೆಯಷ್ಟು ಹಳದಿ ಹುಡಿ.
ಒರೆಸುತ್ತೇನೆ. ಮತ್ತೆ ಬೀಳುತ್ತದೆ.
ಇದಕ್ಕೂ ಜರ್ಮನ್‌ನಲ್ಲಿ ಒಂದು ಪದ
ಇದ್ದೇ ಇರುತ್ತದೆ.
ಇನ್ನೂ ನೋಡಿಲ್ಲ.